ಹೋಗಿಬರುವ ದೂರ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಹದಿನೈದು ವರ್ಷಕ್ಕೂ ಮೇಲೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು, ಒಂದೇ ರೈಲಿನಲ್ಲಿ ಓಡಾಡಿದವರು. ಬರೆಯುವುದಕ್ಕೇನು ಕೊರತೆ ಎಂದುಕೊಂಡೆ. ಬರೆಯಲು ಕೂತರೆ ನನ್ನ ಬಳಿ ಇದ್ದದ್ದು ಬರೀ ತುಣುಕುಗಳು. ಅವುಗಳಲ್ಲೂ ಕೆಲವನ್ನು ನಾನು ಕಣ್ಣಾರೆ ಕಂಡೆನೋ, ಅವರು ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಮಾಡಿಕೊಂಡೆನೋ ತಿಳಿಯುತ್ತಿಲ್ಲ. ನಾನು ಓದಿದ್ದು ಇತಿಹಾಸ. ಯಾರಾದರೂ ‘ನನಗೆ ಚೆನ್ನಾಗಿ ನೆನಪಿದೆ’ ಎಂದರೆ ಅಲ್ಲೇ ಅನುಮಾನಪಡಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಪಾಠವನ್ನು ಇಷ್ಟು ವರ್ಷ ಬೇರೆಯವರ ಮೇಲೆ ಧಾರಾಳವಾಗಿ ಬಳಸಿದೆ. ಈಗ ಅದು ನನ್ನ ಕಡೆಗೇ ತಿರುಗಿ ನಿಂತಿದೆ.

ಹೆಸರು ಬರೆಯುವುದಿಲ್ಲ. ಅದು ಅವರದೇ ಷರತ್ತು. “ಹೆಸರು ಹಾಕಿದ್ರೆ ನಮ್ಮೋರೆಲ್ಲ ಹೆಸರು ನೋಡಿ ‘ಓ, ಇವಳಾ’ ಅಂತ ಪುಟ ತಿರುವ್ತಾರೆ ಸಾರ್. ಹೆಸರಿಲ್ದಿದ್ರೆ ಯಾರಿರಬೋದು ಅಂತನಾದ್ರೂ ಓದ್ತಾರೆ” ಎಂದರು. ಬಂಗಾರಪೇಟೆಯ ನಮ್ಮ ಕಾಲೇಜಿನಲ್ಲಿ ಭೂಗೋಳ ಕಲಿಸಿ ಕಳೆದ ವರ್ಷ ನಿವೃತ್ತರಾದ ಮೇಡಂ ಎಂದರೆ ಇಲ್ಲಿಯವರಿಗೆ ಸಾಕು. ಮಿಕ್ಕವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ನನ್ನ ಊರು ಬೂದಿಕೋಟೆ ಕಡೆ. ಮದುವೆಯಾದ ಮೇಲೆ ಉರಿಗಾಂನಲ್ಲಿ ಬಾಡಿಗೆ ಮನೆ ಹಿಡಿದೆ. ಅವರು ಹುಟ್ಟಿದ್ದೇ ಅಲ್ಲಿ, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ಮದುವೆ ಮಾಡಿಕೊಳ್ಳಲಿಲ್ಲ, ಊರನ್ನೂ ಬಿಡಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆ ಅಲ್ಲೇ ಉಳಿದರು. ಎತ್ತರದ ಹೆಂಗಸು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಲಾಟ್‌ಫಾರಂ ಮೇಲೆ ಬಂದರೆಂದರೆ ಯಾರಿಗೋ ಈಗ ಬೈಗುಳ ಕಾದಿದೆ ಎನ್ನಿಸುತ್ತಿತ್ತು. ಕೈಚೀಲದಲ್ಲಿ ಯಾವಾಗಲೂ ಹುರಿದ ಕಡಲೆಕಾಯಿ. ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಎರಡು ಕಾಯಿ ಸುಲಿಯುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು, ಬಾಯಿ ಅಷ್ಟಗಲ ತೆರೆದು. ಬಂಗಾರಪೇಟೆ ಬಂತೆಂದು ಎಬ್ಬಿಸಿದರೆ, “ನಾನೆಲ್ಲಿ ನಿದ್ದೆ ಮಾಡ್ತಿದ್ದೆ? ನೀವು ಹಿಂದಿನ ಸೀಟಿನವರ ಜೊತೆ ಆಡಿದ್ದನ್ನೆಲ್ಲ ಕೇಳಿಸ್ಕೊಂಡೆ” ಎಂದು ಸವಾಲು ಹಾಕುವವರು. ಏನು ಕೇಳಿಸಿಕೊಂಡಿರಿ ಎಂದರೆ, “ಅದೇ, ಸರ್ಕಾರ ಸರಿಯಿಲ್ಲ ಅಂತ ತಾನೆ?” ಎನ್ನುವರು. ಅದು ಯಾವ ದಿನಕ್ಕಾದರೂ ಹೊಂದುವ ಉತ್ತರ.

ಒಳ್ಳೆಯ ಗುಣಗಳನ್ನಷ್ಟೇ ಬರೆದರೆ ಅವರೇ ನಗುತ್ತಾರೆ. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ ಹುಡುಗರ ಮೇಲೆ ಅವರಿಗೆ ಕಾರಣವಿಲ್ಲದ ಪಕ್ಷಪಾತವಿತ್ತು. ಹಲ್ಲಿ ಕಂಡರೆ ತರಗತಿ ಬಿಟ್ಟು ಹೊರಗೋಡುತ್ತಿದ್ದರು. ತಾವು ಬಿಡಿಸಿದ ನಕ್ಷೆಯಲ್ಲಿ ಕೃಷ್ಣಾ ನದಿ ಒಮ್ಮೆ ಆಂಧ್ರವನ್ನು ಬಿಟ್ಟು ಬೇರೆಲ್ಲೋ ಹೋದಾಗಲೂ ತಪ್ಪು ಒಪ್ಪಿಕೊಳ್ಳಲಿಲ್ಲ, ಸೀಮೆಸುಣ್ಣದ ಮೇಲೆ ಹಾಕಿದರು. ನನ್ನ ಅನುಮಾನದ ಸ್ವಭಾವವನ್ನಂತೂ ಆಡಿಕೊಳ್ಳದ ದಿನವಿಲ್ಲ. “ನಿಮ್ಮ ಮಗನ ನಾಮಕರಣಕ್ಕೆ ಎಷ್ಟು ಸಾಕ್ಷಿ ಕರ್ಸಿದ್ರಿ ಸಾರ್?” ಎಂದು ಇಡೀ ಸ್ಟಾಫ್ ರೂಮಿನ ಮುಂದೆ ಕೇಳಿದವರು ಅವರು.

ಅವರ ಒಂದು ಅಭ್ಯಾಸ ಮಾತ್ರ ನನಗೆ ಮೊದಲು ಸಿಟ್ಟು ತರಿಸಿತ್ತು. ಉರಿಗಾಂನಿಂದ ಬಂಗಾರಪೇಟೆಗೆ ಹನ್ನೆರಡೋ ಹದಿಮೂರೋ ಕಿಲೋಮೀಟರ್ ಇರಬಹುದು. ಯಾರಾದರೂ ಕೇಳಿದರೆ ಅವರು “ಇಪ್ಪತ್ತೈದು” ಎನ್ನುತ್ತಿದ್ದರು. ಕೋಲಾರ ಎಷ್ಟು ದೂರ, ತಿರುಪತಿ ಎಷ್ಟು ದೂರ, ಯಾವುದನ್ನು ಕೇಳಿದರೂ ನಿಜವಾದದ್ದರ ಎರಡರಷ್ಟು. ನಾನು ಹೊಸದಾಗಿ ಸೇರಿದಾಗ, ಭೂಗೋಳದ ಲೆಕ್ಚರರ್‌ಗೆ ದೂರವೇ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ನಕ್ಕಿದ್ದೆ. ಕೊನೆಗೊಂದು ದಿನ ತಡೆಯಲಾರದೆ ಕೇಳಿದೆ.

“ಹೋಗೋದು ಅರ್ಧ ಅಷ್ಟೇ ಸಾರ್” ಎಂದರು, ಕಡಲೆಕಾಯಿ ಸುಲಿಯುತ್ತ. “ವಾಪಸ್ ಬಂದ್ರೇನೇ ಪೂರ್ತಿ ದೂರ. ನಮ್ಮನೇಲಿ ಹಂಗೇ ಲೆಕ್ಕ.”

ತಂದೆಯವರ ಕಾಲದಿಂದ ಬಂದದ್ದು ಎಂದರು. ಅವರ ತಂದೆ ಗಣಿಯಲ್ಲಿ ಜನರನ್ನು ತೊಟ್ಟಿಲಿನಂಥ ಕೇಜಿನಲ್ಲಿ ಭೂಮಿಯೊಳಗೆ ಇಳಿಸಿ ಮೇಲೆತ್ತುವ ಎಂಜಿನ್ ನಡೆಸುತ್ತಿದ್ದವರು. ಎಷ್ಟು ಆಳಕ್ಕೆ ಇಳಿಸಿದಿರಿ ಎಂದರೆ ಆ ಎಂಜಿನ್ ಮನೆಯ ಯಾರೂ ಬರೀ ಇಳಿದದ್ದನ್ನು ಹೇಳುತ್ತಿರಲಿಲ್ಲವಂತೆ. ಇಳಿಸಿದವರು ಕೆಳಗೇ ಇರುವಾಗ ಆಳದ ಮಾತಾಡಬಾರದು. ಹಗ್ಗ ಹೋಗಿ ಬಂದದ್ದನ್ನೇ ಹೇಳಬೇಕು. ಮನೆಗೆ ಬಂದ ಮೇಲೂ ಅದೇ ರೂಢಿ. ಮಗಳು ಶಾಲೆಗೆ ಹೊರಟರೆ, ಶಾಲೆ ಎಷ್ಟು ದೂರ ಎಂದು ಕೇಳಿ ಮಗಳಿಂದ ಎರಡರಷ್ಟು ಹೇಳಿಸುತ್ತಿದ್ದರಂತೆ.

ಗಣಿಯ ಬೇರೆ ಕೆಲವು ಹಳಬರನ್ನು ಈ ಬಗ್ಗೆ ವಿಚಾರಿಸಿದ್ದೇನೆ. ಒಬ್ಬರು ಹೌದು ಎಂದರು, ಇನ್ನೊಬ್ಬರು “ಅಂಗೆಲ್ಲ ಯಾರ್ ಏಳಿದ್ರು ನಿಮ್ಗೆ?” ಎಂದು ನಕ್ಕರು. ಹಾಗಾಗಿ ಆ ಮನೆಯ ರೂಢಿ ಎಂದಷ್ಟೇ ಬರೆಯುತ್ತೇನೆ.

ಆ ರೂಢಿ ನಮ್ಮ ಕಾಲೇಜಿಗೆ ಒಮ್ಮೆ ದುಬಾರಿಯಾಗುವುದರಲ್ಲಿತ್ತು. ಭೂಗೋಳದ ಪ್ರಾಯೋಗಿಕ ಪರೀಕ್ಷೆಯಲ್ಲಿ, ನಕ್ಷೆಯ ಮೇಲೆ ಎರಡು ನಗರಗಳ ನಡುವಿನ ವಾಯುದೂರ ಅಳೆಯುವ ಪ್ರಶ್ನೆ ಇರುತ್ತದೆ. ವಿಮಾನ ಹೋಗುವ ಹಾಗೆ ನೇರ ಗೆರೆ ಎಳೆದು, ಸ್ಕೇಲಿನಲ್ಲಿ ಅಳೆದು, ಪ್ರಮಾಣಕ್ಕೆ ಗುಣಿಸಿ ಕಿಲೋಮೀಟರ್ ಬರೆಯಬೇಕು. ಮೇಡಂ ಅಭ್ಯಾಸಕ್ಕೆ ಪ್ರತಿವರ್ಷವೂ ಕೊಡುತ್ತಿದ್ದದ್ದು ಒಂದೇ ಜೋಡಿ: ಬೆಂಗಳೂರು ಮತ್ತು ಕೊಲಂಬೊ. ಯಾಕೆ ಮುಂಬೈ ಅಲ್ಲ, ದೆಹಲಿ ಅಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ. ಆ ವರ್ಷ ಪರೀಕ್ಷೆಗೂ ಅದೇ ಬಂತು. ಬೇರೆ ತಾಲ್ಲೂಕಿನಿಂದ ಬಂದಿದ್ದ ಪರೀಕ್ಷಕರು ಉತ್ತರಗಳನ್ನು ಕೈಯಲ್ಲಿ ಹಿಡಿದು ಸ್ಟಾಫ್ ರೂಮಿಗೆ ಬಂದರು.

“ಏನ್ ಮೇಡಂ ಇದು? ಕೊಲಂಬೊ ಸಾವಿರದ ನಾನೂರು ಚಿಲ್ಲರೆ ಕಿಲೋಮೀಟರಾ? ನಿಮ್ ಮಕ್ಳು ಶ್ರೀಲಂಕಾನ ಅಂಡಮಾನ್ ಪಕ್ಕಕ್ಕೆ ತಳ್ಳಿಬಿಟ್ಟಿದಾರಲ್ಲ! ಒಬ್ಬನದು ತಪ್ಪಾದ್ರೆ ಸರಿ, ಎಲ್ರದೂ ಒಂದೇ ತಪ್ಪು. ಇದು ಕಾಪಿ.”

“ಕಾಪಿ ಅಲ್ಲ ಸಾರ್. ಹೋಗಿಬರೋದು.”

“ಎಲ್ಲಿಗೆ ಹೋಗಿಬರೋದು?”

“ಕೊಲಂಬೊಗೆ.”

“ಪ್ರಶ್ನೇಲಿ ಬಾ ಅಂತ ಎಲ್ಲಿದೆ ಮೇಡಂ?”

“ಬಾ ಅಂತ ಹೇಳ್ದೆ ಮಕ್ಕಳನ್ನ ಹೆಂಗ್ ಕಳಿಸೋದು ಸಾರ್?”

ಪರೀಕ್ಷಕರು ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಏನಾಯಿತು ಎನ್ನುವುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ವಿಧಾನ ಸರಿಯಿದೆ ಎಂದು ಅರ್ಧ ಅಂಕ ಕೊಟ್ಟರು ಎಂದು ನನ್ನ ನೆನಪು. ಪೂರ್ತಿ ಕೊಟ್ಟರು ಎಂದು ಮೇಡಂ ಹಟ. ಮುಂದಿನ ವರ್ಷದಿಂದ ಅವರು ತರಗತಿಯಲ್ಲಿ, “ಪರೀಕ್ಷೇಲಿ ಹೋಗೋದ್ ಮಾತ್ರ ಬರೀರಿ, ಮನಸಲ್ಲಿ ಎರಡೂ ಇಟ್ಕೊಳಿ” ಎಂದು ಹೇಳತೊಡಗಿದ್ದಂತೂ ನಿಜ. ಆ ಮಾತನ್ನು ಬಾಗಿಲಾಚೆ ನಿಂತು ನಾನೇ ಕೇಳಿದ್ದೇನೆ. ಕೇಳಿದ್ದೇನೆ ಎಂದುಕೊಂಡಿದ್ದೇನೆ.

ಕೊಲಂಬೊ ಯಾಕೆ ಎಂಬುದು ಗೊತ್ತಾದದ್ದು ಬಹಳ ತಡವಾಗಿ, ಅವರ ತಾಯಿಯ ಪರಿಚಯವಾದ ಮೇಲೆ.

ತಾಯಿಗೆ ಈಗ ಎಂಬತ್ತರ ಹತ್ತಿರ. ಗಿಡ್ಡ, ಚುರುಕು, ಕಿವಿ ಸ್ವಲ್ಪ ಮಂದ. ಮನೆಮಾತು ತಮಿಳು, ಹಾಲಿನವರ ಜೊತೆ ತೆಲುಗು, ನನ್ನ ಜೊತೆ ‘ಹ’ಕಾರ ನುಂಗುವ ಉರಿಗಾಂನ ಕನ್ನಡ. ಮಗಳನ್ನು ಇನ್ನೂ ‘ಪಾಪ’ ಎನ್ನುತ್ತಾರೆ. ಪಾಠ ಹೇಳುವವನು ಅಂತ ನನಗೆ ‘ವಾದ್ಯಾರ್’. ಅವರು ಹುಟ್ಟಿದ್ದು ಸಿಲೋನಿನ ಗುಡ್ಡಗಾಡಿನ ಟೀ ತೋಟದಲ್ಲಿ. ಇಲ್ಲಿನ ಗಣಿಯಲ್ಲಿದ್ದ ಸೋದರಮಾವನ ಮಗನಿಗೆ ಹದಿಹರೆಯದಲ್ಲೇ ಮದುವೆ ಗೊತ್ತಾಯಿತು. ಅಲ್ಲಿಂದ ರೈಲು, ಆಮೇಲೆ ಹಡಗು, ಈಚೆ ಧನುಷ್ಕೋಟಿಯಲ್ಲಿ ಇಳಿದು ಮತ್ತೆ ರೈಲು. ಮುಂದಿನ ವರ್ಷ, ತೋಟದಲ್ಲಿ ಬಿಟ್ಟುಬಂದ ತಂಗಿಯನ್ನು ನೋಡಲು ಹೋಗೋಣ ಎಂದು ಗಂಡ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಚಂಡಮಾರುತ ಬಂದು ಧನುಷ್ಕೋಟಿಯ ರೈಲುಹಳಿ, ಹಡಗುಕಟ್ಟೆ ಎಲ್ಲವೂ ನೀರಿನ ಪಾಲಾದವು.

“ನಾನ್ ಬಂದ ದಾರೀನೇ ಇಲ್ಲ ವಾದ್ಯಾರೇ. ನಾನ್ ಈಕಡೆ ಬಂದೆ, ಇಂದ್ಗಡೆಯಿಂದ ಸಮುದ್ರ ತಿಂದ್ಬುಡ್ತು” ಎಂದು ಮೊದಲ ಸಲ ಅವರು ಹೇಳಿದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಹೇಳಿ ಅವರೇನೋ ನಕ್ಕರು.

ಆಮೇಲೆ ಮಗಳು ಹುಟ್ಟಿದಳು. ಆಮೇಲೆ ಎರಡು ದೇಶಗಳ ಕಾಗದಪತ್ರದ ಗೋಜಲು. ಆಮೇಲೆ ಅಲ್ಲಿ ಯುದ್ಧ. ತಂಗಿ ತೋಟದಲ್ಲೇ ಮದುವೆಯಾಗಿ, ವಯಸ್ಸಾದ ಮೇಲೆ ಮಗನ ಜೊತೆ ಕೊಲಂಬೊಗೆ ಬಂದಿದ್ದಾರೆ. ಅರವತ್ತು ವರ್ಷದಲ್ಲಿ ಅಕ್ಕತಂಗಿ ಒಬ್ಬರನ್ನೊಬ್ಬರು ನೋಡಿದ್ದು ಮೊಬೈಲಿನ ಗಾಜಿನ ಮೇಲಷ್ಟೇ. ಅದನ್ನೂ ತಾಯಿ ನಂಬುತ್ತಿರಲಿಲ್ಲ. “ಇವ್ಳು ಅವ್ಳಲ್ಲ ಪಾಪ. ಅವ್ಳ್ ಮೂಗು ಇಷ್ಟ್ ದಪ್ಪ ಇರ್ಲಿಲ್ಲ” ಎನ್ನುವರು. ಆಚೆಯಿಂದ, “ನಿನ್ ಮೂಗ್ ನೋಡ್ಕೋ ಅಕ್ಕಾ!” ಎಂದು ಕೂಗು ಬರುವುದು.

ಮೇಡಂ ನಿವೃತ್ತರಾಗುವ ಹೊತ್ತಿಗೆ ತಾಯಿಯ ಆ ತಂಗಿಯ ಸೊಂಟ ಮುರಿಯಿತು. ಮಂಚ ಹಿಡಿದ ಆಕೆ ಇಲ್ಲಿಗೆ ಬರುವ ಮಾತೇ ಇಲ್ಲ. ಬೀಳ್ಕೊಡುಗೆ ಸಭೆಯಲ್ಲಿ ಎಲ್ಲರೂ ಮುಂದೇನು ಎಂದು ಕೇಳಿದಾಗ ಮೇಡಂ ಮೈಕ್ ಹಿಡಿದು, “ಅಮ್ಮನ್ನ ಕೊಲಂಬೊಗೆ ಕರ್ಕೊಂಡ್ ಹೋಗಿ ಕರ್ಕೊಂಡ್ ಬರೋದು. ಅದೊಂದೇ ಕೆಲಸ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ತಾಯಿ ತಟ್ಟಲಿಲ್ಲ.

ಪಾಸ್‌ಪೋರ್ಟಿಗೆ ಅಲೆದ ಕಥೆ ಬೇಡ, ಅದಕ್ಕೆ ಬೇರೆಯೇ ನಾಲ್ಕು ಪುಟ ಬೇಕು. ಅಂತೂ ಬಂತು. ಟಿಕೆಟ್ ಮಾಡಿಸಲು ಬಂಗಾರಪೇಟೆಯ ಒಬ್ಬ ಏಜೆಂಟನ್ನು ಮನೆಗೇ ಕರೆಸಿದರು. ನಾನೂ ಇದ್ದೆ. ಅಜ್ಜಿಗೆ ಧೈರ್ಯ ತುಂಬಬೇಕು ಎಂಬ ಉತ್ಸಾಹದಲ್ಲಿ ಆತ, “ಏನಜ್ಜಿ ಹೆದರ್ತೀರ? ಏಳ್ನೂರು ಚಿಲ್ರೆ ಕಿಲೋಮೀಟ್ರು, ಅಷ್ಟೇ! ಮುಂಬೈ ಇದಕ್ಕಿಂತ ದೂರ. ಕಣ್ ಮುಚ್ಚಿ ತೆಗೆಯೋದ್ರಲ್ಲಿ ಕೊಲಂಬೊ” ಎಂದ.

ತಾಯಿ ಮಗಳ ಮುಖ ನೋಡಿದರು. “ನೀನು ಸಾವಿರದ ನಾನೂರು ಅಂದಿದ್ದೆ.”

“ಅದು ಹೋಗಿಬರೋದಮ್ಮ.”

“ಅಂಗಾದ್ರೆ ಇವ್ನು ಓಗೋದ್ ಮಾತ್ರ ಏಳ್ತಾವ್ನೆ. ಬರೋದ್ ಯಾಕ್ ಏಳ್ತಿಲ್ಲ?”

ಏಜೆಂಟ್ ಕಕ್ಕಾಬಿಕ್ಕಿಯಾದ. “ದೂರ ಅಂದ್ರೆ ಹೋಗೋದೇ ತಾನೆ ಅಜ್ಜಿ?”

“ನಂಗೂ ಅಂಗೇ ಏಳಿದ್ರು, ಅಡಗು ಅತ್ಸುವಾಗ” ಎಂದು ತಾಯಿ ಎದ್ದು ಅಡುಗೆಮನೆಗೆ ಹೋದರು. ಆ ದಿನ ಮತ್ತೆ ಹೊರಗೆ ಬರಲಿಲ್ಲ. ಮರುದಿನ, ತಾನು ಎಲ್ಲಿಗೂ ಬರುವುದಿಲ್ಲ ಎಂದು ಮಗಳಿಗೆ ಹೇಳಿಬಿಟ್ಟರು.

ಆ ಏಳುನೂರನ್ನು ಹೇಳಿದ್ದು ಏಜೆಂಟ್ ಎಂದು ನಾನು ಪ್ರಮಾಣ ಮಾಡಬಲ್ಲೆ. ಮೇಡಂ ಮಾತ್ರ, “ಏಜೆಂಟ್ ಬರೀ ರೇಟ್ ಹೇಳಿದ. ದೂರ ಹೇಳಿದ್ದು ನೀವು ಸಾರ್, ಮುಂಬೈ ಜೊತೆ ಹೋಲಿಸಿದ್ದೂ ನೀವೇ. ಏಜೆಂಟಿಗೆ ಅಷ್ಟೆಲ್ಲ ತಿಳಿವಳಿಕೆ ಎಲ್ಲಿಂದ?” ಎನ್ನುತ್ತಾರೆ. ಇದ್ದರೂ ಇರಬಹುದು. ಮುಂಬೈ ಹೋಲಿಕೆ ನನ್ನ ಬಾಯಿಂದ ಬರುವಂಥದ್ದೇ.

ಆ ವಾರ ಒಂದು ಸಂಜೆ ಸಾಲುಮನೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತಿದ್ದೆವು. ಎರಡರಷ್ಟು ಹೇಳುವ ಪದ್ಧತಿ ತಂದೆಯ ಗಣಿಯಿಂದ ಬಂದದ್ದೋ ಅಥವಾ ತಾಯಿಗಾಗಿ ಹುಟ್ಟಿದ್ದೋ ಎಂದು ಕೇಳಿದೆ. ತಂದೆ ಮಗಳಿಂದ ಎರಡರಷ್ಟು ಹೇಳಿಸುತ್ತಿದ್ದದ್ದು ಹೆಂಡತಿಯ ಕಿವಿಗೆ ಬೀಳಲಿ ಎಂದೇ ಇರಬೇಕಲ್ಲವೇ ಎಂಬುದು ನನ್ನ ವಾದ.

“ಗೊತ್ತಿಲ್ಲ ಸಾರ್. ಅಪ್ಪನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ.” ಆಮೇಲೆ ಸೆರಗು ಕೊಡವಿ ಎದ್ದರು. “ಇಷ್ಟ್ ವರ್ಷ ಎಲ್ಲಾರ ಮಕ್ಳಿಗೂ ಪಾಠ ಮಾಡ್ದೆ. ಅಮ್ಮಂಗೆ ಮಾಡ್ಲಿಲ್ಲ. ಮಾಡಿದ್ರಾಯ್ತು.”

ಅವರು ಹಾಕಿಕೊಂಡ ಪಾಠಕ್ರಮ ಇದು. ಪ್ರತಿ ಭಾನುವಾರ ತಾಯಿಯನ್ನು ಒಂದು ಊರಿಗೆ ಕರೆದುಕೊಂಡು ಹೋಗುವುದು. ಅಲ್ಲಿ ಏನೂ ಕೆಲಸವಿಲ್ಲ, ನೆಂಟರಿಲ್ಲ. ಒಂದು ಕಾಫಿ ಕುಡಿದು ವಾಪಸ್ ಬರುವುದು. ಹೊರಡುವಾಗ ಮನೆಗೆ ಬೀಗ ಹಾಕುವುದು ಮಗಳು. ಬಂದು ಬೀಗ ತೆಗೆಯುವುದು ತಾಯಿ. ಗಂಡ ಹೋದ ಮೇಲೆ ತಾಯಿ ಆಸ್ಪತ್ರೆ, ರೇಷನ್ ಅಂಗಡಿ, ಈಚೆಗೆ ಆ ಬೀಳ್ಕೊಡುಗೆ ಸಭೆ, ಪಾಸ್‌ಪೋರ್ಟ್ ಕಚೇರಿ ಬಿಟ್ಟು ಎಲ್ಲಿಗೂ ಹೋದವರಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಮೊದಲ ಭಾನುವಾರ ಬಂಗಾರಪೇಟೆ. ಮುಂದಿನದು ಬೂದಿಕೋಟೆ. ಆಮೇಲೆ ಕ್ಯಾಸಂಬಳ್ಳಿ.

ಕ್ಯಾಸಂಬಳ್ಳಿಗೆ ಹೋದಾಗ ನಾನೂ ಬಸ್ಸಿನಲ್ಲಿದ್ದೆ. ಆ ಭಾನುವಾರ ನೀವು ಮನೆಯಲ್ಲಿ ಮಲಗಿದ್ದಿರಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಕಂಡಕ್ಟರನ ದನಿ ನನ್ನ ಕಿವಿಯಲ್ಲಿ ಈಗಲೂ ಇದೆ. ಇಳಿದ ಬಸ್ಸನ್ನೇ ಮತ್ತೆ ಹತ್ತಿದ ತಾಯಿಯನ್ನು ನೋಡಿ ಆತ ಬೆರಗಾದ.

“ಇದೇನಜ್ಜಿ, ಈಗ್ ತಾನೇ ಇಳ್ದೆ, ಆಗ್ಲೇ ಒಂಟ್ಬುಟ್ಟೆ? ನೆಂಟ್ರು ಮನೇಲಿ ಮುದ್ದೆ ಇಕ್ಲಿಲ್ವಾ?”

“ನೆಂಟ್ರೂ ಇಲ್ಲ, ಗಿಂಟ್ರೂ ಇಲ್ಲ. ನಮ್ ಪಾಪ ನಂಗೆ ವಾಪಸ್ ಬರೋದ್ ಕಲಿಸ್ತಾವ್ಳೆ.”

“ಓಗೋದ್ ಕಲ್ತಾಯ್ತಾ?”

“ಅದ್ ಅರವತ್ ವರ್ಷದ ಇಂದೇನೇ ಕಲ್ತಿವ್ನಿ ಕಣಪ್ಪ. ಟಿಕೆಟ್ ಕೊಡು, ಬಾಯ್ ಮಾಡ್ಬೇಡ.”

ಇಡೀ ಬಸ್ಸು ನಕ್ಕಿತು. ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದ ರೈತರೊಬ್ಬರು, “ಏ, ಅಜ್ಜಿಗ್ ಸೀಟ್ ಬಿಡ್ಲಾ” ಎಂದು ಪಕ್ಕದ ಹುಡುಗನನ್ನು ಎಬ್ಬಿಸಿದರು. ಅದರ ಮುಂದಿನ ವಾರ ತಾಯಿ ತಾವಾಗಿಯೇ, “ಈ ವಾರ ಯಾವೂರು?” ಎಂದು ಕೇಳಿದರಂತೆ.

ಕೋಲಾರ ಆಯಿತು, ತಿರುಪತಿ ಆಯಿತು. ಚೆನ್ನೈಗೆ ಹೋಗಿ ಒಂದು ರಾತ್ರಿ ಉಳಿದು ಬಂದರು. ಕಡಲದಂಡೆಯಲ್ಲಿ ತಾಯಿ ನೀರಿಗೆ ಕಾಲಿಡಲಿಲ್ಲವಂತೆ. ದೂರದಲ್ಲೇ ನಿಂತು, ಅಲೆ ಬಂದು ಹೋಗುವುದನ್ನು ನೋಡಿ, ಮಗಳ ಕಡೆ ತಿರುಗಿ, “ಇದೂ ವಾಪಸ್ ಓಯ್ತದಲ್ಲ ಪಾಪ” ಎಂದರಂತೆ. ಈ ಮಾತನ್ನು ನಾನು ನಂಬಲಿಲ್ಲ. ಭೂಗೋಳದವರು ಕಟ್ಟಿದ ಮಾತಿನ ಹಾಗಿದೆ ಎಂದೆ. “ನಿಮ್ಗೆ ನಂಬೋಕೆ ಹೇಳಿದ್ದಲ್ಲ ಸಾರ್, ಸುಮ್ನೆ ಹೇಳಿದ್ದು” ಎಂದರು ಮೇಡಂ.

ಅಷ್ಟರಲ್ಲಿ ಕೊಲಂಬೊದಿಂದ ಬರುವ ಫೋನಿನಲ್ಲಿ ತಂಗಿಯ ದನಿ ಸಣ್ಣಗಾಗುತ್ತ ಬಂದಿತ್ತು. ಸೊಂಟ ಕೂಡಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಒಂದು ದಿನ ಆಕೆ ಮಾತಾಡುವುದಕ್ಕೂ ಆಗದೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಅಕ್ಕನ ಮುಖ ನೋಡುತ್ತ ಮಲಗಿದ್ದರು. ತಾಯಿ ಫೋನ್ ಕೆಳಗಿಟ್ಟು, ಮುಂದಿನ ಭಾನುವಾರಕ್ಕೆ ಮೈಸೂರು ಎಂದು ಮಗಳು ಹೇಳಹೊರಟದ್ದನ್ನು ಅಲ್ಲಿಗೇ ನಿಲ್ಲಿಸಿದರು.

“ಇನ್ನೂ ಎಷ್ಟ್ ದಿನ ಪಾಠ ಮಾಡ್ತೀಯ ಪಾಪ? ಪರೀಕ್ಷೆ ಮುಗಿಯಂಗಾಯ್ತು. ಟಿಕೆಟ್ ತಗೋ.”

ಅವರು ಹೊರಟ ದಿನ ವಿಮಾನ ನಿಲ್ದಾಣಕ್ಕೆ ನಾನೂ ಕಾರಿನಲ್ಲಿ ಹೋದೆ. ಇದನ್ನಂತೂ ಯಾರೂ ಅಲ್ಲಗಳೆಯಲಾರರು. ಕಾರು ನನ್ನ ಬಾವಮೈದುನನದು. ಹೊರಡುವವರ ಬಾಗಿಲ ಮುಂದೆ ಇಳಿದು ಸಾಮಾನು ಗಾಡಿಗೆ ಹಾಕಿದೆವು. ತಾಯಿ ಕದಲಲಿಲ್ಲ.

“ಬರೋರ್ ಬಾಗ್ಲು ಯಾವ್ದು?”

“ಅದು ಕೆಳಗಡೆ ಅಮ್ಮ. ನಾವು ವಾಪಸ್ ಬಂದಾಗ ಅಲ್ಲಿಂದ ಬರ್ತೀವಿ.”

“ಮೊದ್ಲು ಅದ್ನ ತೋರ್ಸು.”

ಮೇಡಂಗೆ ಗಡಿಯಾರದ ಚಿಂತೆ, ನನಗೆ ಸಾಮಾನಿನ ಚಿಂತೆ. ತಾಯಿ ಮಾತ್ರ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟಿದ್ದರು. ಕೊನೆಗೆ ಲಿಫ್ಟಿನಲ್ಲಿ ಕೆಳಗಿಳಿದು, ಬರುವವರನ್ನು ಕಾಯುವ ಜನರ ಗುಂಪಿನಲ್ಲಿ ನಿಂತೆವು. ಗಾಜಿನ ಬಾಗಿಲು ತೆರೆದಾಗಲೆಲ್ಲ ಯಾರಾದರೂ ಹೊರಗೆ ಬರುತ್ತಿದ್ದರು. ದೊಡ್ಡ ಪೆಟ್ಟಿಗೆ ತಳ್ಳಿಕೊಂಡು, ಮಗು ಎತ್ತಿಕೊಂಡು, ಫೋನಿನಲ್ಲಿ ಮಾತಾಡುತ್ತ. ಕಪ್ಪು ಬುರ್ಖಾದ ಒಬ್ಬ ಹೆಣ್ಣುಮಗಳು ಬರುತ್ತಿದ್ದಂತೆ ತಾಯಿ ಮುಂದೆ ನುಗ್ಗಿ ಆಕೆಯ ಕೈ ಹಿಡಿದರು.

“ಎಲ್ಲಿಂದ ಬಂದೆ ಅಮ್ಮ?”

ಆಕೆ ಗಾಬರಿಯಾದಳು. ಮುದುಕಿಯ ಮುಖ ನೋಡಿ ನಕ್ಕಳು. “ದುಬೈಯಿಂದ ಅಜ್ಜಿ.”

“ಓಗಿ ಎಷ್ಟ್ ದಿನ ಆಗಿತ್ತು?”

“ಎರಡು ವರ್ಷ.”

“ಬರೋಕೆ ಬಿಟ್ರಾ?”

“ಬಿಡ್ದೆ ಏನ್ ಮಾಡ್ತಾರೆ ಅಜ್ಜಿ? ನಮ್ಮನೆ ಇಲ್ಲಿದೆಯಲ್ಲ!”

ತಾಯಿ ಅವಳ ಗಲ್ಲ ಸವರಿ ನೆಟಿಕೆ ಮುರಿದರು.

“ಸರಿ, ನಡಿ ಪಾಪ” ಎಂದು ತಾವೇ ಗಾಡಿ ತಳ್ಳಿಕೊಂಡು ಲಿಫ್ಟಿನ ಕಡೆ ಹೊರಟರು. ಮೇಡಂ ಅಲ್ಲೇ ನಿಂತಿದ್ದರು. ಅಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ನಾನು ಅದೊಂದೇ ಸಲ. ಕಂಡೆನೋ ಇಲ್ಲವೋ ಎಂದು ಈ ಬಾರಿ ಯಾರನ್ನೂ ವಿಚಾರಿಸಿಕೊಳ್ಳುವುದಿಲ್ಲ.

ಅದಾಗಿ ಹತ್ತು ದಿನಗಳ ಮೇಲೆ, ಅವರು ವಾಪಸ್ ಬರಬೇಕಿದ್ದುದರ ಹಿಂದಿನ ದಿನ ಮಧ್ಯಾಹ್ನ, ಫೋನ್ ಬಂತು.

“ಸಾರ್, ಒಂದು ತೊಂದರೆ ಆಗಿದೆ.”

“ಚಿಕ್ಕಮ್ಮ ಹೇಗಿದ್ದಾರೆ ಮೇಡಂ?”

“ಚೆನ್ನಾಗಿದ್ದಾರೆ. ಅದೇ ತೊಂದರೆ. ನಾವು ಬಂದ ಮಾರನೇ ದಿನದಿಂದ ಎದ್ದು ಕೂತ್ಕೊಂಡಿದ್ದಾರೆ, ಊಟನೂ ಮಾಡ್ತಾರೆ. ಬರೀ ಜಗಳ ಸಾರ್, ಇಬ್ಬರಿಗೂ. ಬೆಳಿಗ್ಗೆ ಶುರುವಾದ್ರೆ ಮಲಗೋ ತನಕ. ಅಮ್ಮ ಮದುವೆಗೆ ಅಂತ ಹೊರಟ ದಿನ ಚಿಕ್ಕಮ್ಮ ಸ್ಟೇಷನ್ನಿಗೆ ಬಂದಿದ್ರಾ ಇಲ್ವಾ ಅಂತ. ಚಿಕ್ಕಮ್ಮ ಹೇಳ್ತಾರೆ, ಪ್ಲಾಟ್‌ಫಾರಂ ಕೊನೆವರೆಗೂ ರೈಲಿನ ಹಿಂದೆ ಓಡಿದೆ, ನೀನು ತಿರುಗಿ ಕೂಡ ನೋಡ್ಲಿಲ್ಲ ಅಂತ. ಅಮ್ಮ ಹೇಳ್ತಾರೆ, ಕಿಟಕೀಲಿ ತಲೆ ಹೊರಗೆ ಹಾಕಿ ಗುಡ್ಡ ಮರೆಯಾಗೋ ತನಕ ನೋಡಿದೆ, ನೀನು ಇರ್ಲೇ ಇಲ್ಲ ಅಂತ. ನೀವು ಇತಿಹಾಸದವರು. ತೀರ್ಪು ಹೇಳಿ.”

“ಇಬ್ಬರ ನೆನಪೂ ಸರಿ ಇರಬಹುದಲ್ಲ ಮೇಡಂ?”

“ಅದನ್ನ ನಾನೂ ಹೇಳ್ದೆ. ಇಬ್ಬರೂ ಸೇರ್ಕೊಂಡು ನನ್ನ ಬೈದ್ರು.”

ಹಿಂದೆ ಏನೋ ಸದ್ದಾಯಿತು. ಫೋನು ಕೈ ಬದಲಾಯಿತು.

“ವಾದ್ಯಾರೇ!” ತಾಯಿಯ ದನಿ, ಕಿವಿ ಮಂದವಾದವರು ಕೂಗುವ ಹಾಗೆ. “ನಾಳೆ ನಾವ್ ಬರಲ್ಲ. ಪಾಪಂಗೆ ಏಳಿ, ಟಿಕೆಟ್ ಮುಂದಕ್ ಆಕ್ಸು ಅಂತ. ನನ್ ಮಾತ್ ಕೇಳ್ತಿಲ್ಲ ಅವ್ಳು. ನಾನ್ ನೋಡ್ದೆ ಅಂತ ಇವ್ಳು ಒಪ್ಕೊಳ್ಳೋ ಗಂಟ ನಾನ್ ಇಲ್ಲಿಂದ ಏಳಲ್ಲ!”

ಅದರ ಹಿಂದಿನಿಂದ, ಮಂಚದ ಮೇಲಿಂದ, ನಾನು ಎಂದೂ ನೋಡದ ಇನ್ನೊಬ್ಬ ಮುದುಕಿಯ ದನಿ ತಮಿಳಿನಲ್ಲಿ ಅಷ್ಟೇ ಜೋರಾಗಿ ಕೇಳಿಸಿತು.

“ಹಾಕ್ಸು, ಹಾಕ್ಸು! ಪೊಂಗಲ್ ವರೆಗೂ ಹಾಕ್ಸು! ನಾನು ಒಪ್ಕೊಳ್ಳಲ್ಲ!”